ಉಮ್ಮನ ಹಗಲಿನ ಮಾತ್ರೆ

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಆದ್ದರಿಂದಲೋ ಏನೋ, ಬರೆಯಲು ಕುಳಿತಾಗಲೆಲ್ಲ ವಾಕ್ಯ ಎಲ್ಲೋ ತಪ್ಪುತ್ತಿದೆ ಎಂಬ ಅಳುಕು ನನ್ನನ್ನು ಬಿಡುವುದಿಲ್ಲ. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತೆ. ಉಮ್ಮನ, ಅಂದರೆ ನನ್ನ ತಾಯಿಯ, ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತರುವಾಗ ಅವುಗಳ ಖಾರ ಸ್ವಲ್ಪ ಇಳಿದಿರಬಹುದು. ವೈದ್ಯಕೀಯ ಸಂಗತಿಗಳನ್ನು ಹೇಳುವಲ್ಲಿಯೂ ಕೊರತೆಗಳಿರಬಹುದು, ಏಕೆಂದರೆ ನಾನು ವಿಜ್ಞಾನದ ಅಧ್ಯಾಪಕಿಯೇ ಹೊರತು ವೈದ್ಯೆಯಲ್ಲ. ಬಲ್ಲವರು ಮನ್ನಿಸಬೇಕು. ಪಾರ್ಕಿನ್ಸನ್ ಕಾಯಿಲೆಯ ನನ್ನ ತಾಯಿ ಒಂದು ರಂಜಾನ್ ತಿಂಗಳಲ್ಲಿ ಮಾತ್ರೆಯನ್ನು ಬಿಡಬೇಕೋ ಉಪವಾಸವನ್ನು ಬಿಡಬೇಕೋ ಎಂಬ ಕವಲಿನಲ್ಲಿ ನಿಂತದ್ದನ್ನು, ಅವರು ಏನನ್ನು ನಿರ್ಧರಿಸಿದರು ಎಂಬುದನ್ನು ಕಂಡಷ್ಟು ಬರೆಯುತ್ತೇನೆ.

ಬಂಟ್ವಾಳ ಪೇಟೆಯಿಂದ ನದಿಯ ಕಡೆಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಉಪ್ಪ, ಅಂದರೆ ನನ್ನ ತಂದೆ, ಬಹಳ ಕಾಲ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಮಂಡಿ ಕೈಕೊಟ್ಟ ಮೇಲೆ ಪಕ್ಕದ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ವಿಸಿಲ್ ಊದಿ ಹೇಳುವ ಕೆಲಸ ಅದು. ನನ್ನ ತಮ್ಮ ದುಬೈಯಲ್ಲಿದ್ದಾನೆ. ನಾನು ಮೂಡುಬಿದಿರೆಯಲ್ಲಿ ಪದವಿ ಮುಗಿಸಿ, ಬೆಳ್ತಂಗಡಿಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಆಗ ವಾರವಿಡೀ ಅಲ್ಲೇ ಬಾಡಿಗೆ ಕೋಣೆಯಲ್ಲಿ ಇರುತ್ತಿದ್ದೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಿದ್ದೆ.

ಉಮ್ಮ ಸುಮ್ಮನೆ ಕುಳಿತದ್ದನ್ನು ನಾನು ಬಾಲ್ಯದಲ್ಲಿ ಕಂಡದ್ದೇ ಕಡಿಮೆ. ಅವರು ಪತ್ತಿರ್ ಮಾಡಿ ಕೊಡುತ್ತಿದ್ದರು. ಪತ್ತಿರ್ ಎಂದರೆ ಅಕ್ಕಿ ಹಿಟ್ಟನ್ನು ಬೇಯಿಸಿ, ನಾದಿ, ಕೈಯ ಆಚೆ ಬದಿ ಕಾಣುವಷ್ಟು ತೆಳುವಾಗಿ ಲಟ್ಟಿಸಿದ ರೊಟ್ಟಿ. ಮದುವೆಗೆ, ಹರಕೆಗೆ, ರಂಜಾನಿನ ಸಂಜೆಗಳಿಗೆ ಓಣಿಯ ಅರ್ಧ ಮನೆಗಳು ಉಮ್ಮನ ಪತ್ತಿರ್‌ಗೆ ಹೇಳಿಡುತ್ತಿದ್ದವು.

ಕಾಯಿಲೆ ನಡುಕದಿಂದ ಶುರುವಾಗಲಿಲ್ಲ. ಒಂದು ದಿನ ಒಗ್ಗರಣೆಯ ಈರುಳ್ಳಿ ಸೀದು ಹೊಗೆಯೆದ್ದರೂ ಉಮ್ಮ ಒಲೆಯ ಮುಂದೆಯೇ ನಿಂತಿದ್ದರು. ವಾಸನೆ ಅವರ ಮೂಗಿಗೆ ಮುಟ್ಟಿರಲಿಲ್ಲ. ಆಮೇಲೆ ಹಗಲು ನಿದ್ದೆ. ಮಾತನಾಡುತ್ತಾ ಇದ್ದಂತೆಯೇ ತಲೆ ವಾಲಿಬಿಡುತ್ತಿತ್ತು. ತಿನ್ನುವುದು ಕಡಿಮೆಯಾಗಿರಲಿಲ್ಲ, ಆದರೂ ತೆಳ್ಳಗಾಗುತ್ತಾ ಹೋದರು. ಕೈಬಳೆ ಜಾರಿ ಮೊಣಕೈಯವರೆಗೆ ಹೋಗುತ್ತಿತ್ತು. ನಮ್ಮ ಕಡೆ ಯಾರಾದರೂ ತೆಳ್ಳಗಾದರೆ ಮೊದಲ ಸಂಶಯ ಸಕ್ಕರೆ ಕಾಯಿಲೆಯ ಮೇಲೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಣಲಿಲ್ಲ. ಹಾಗಿದ್ದೂ ಮನೆಯವರೆಲ್ಲ ಸೇರಿ ಅವರ ಚಹಾದ ಸಕ್ಕರೆಯನ್ನು ನಿಲ್ಲಿಸಿದೆವು.

ಚಿಕ್ಕಮ್ಮ, ಉಮ್ಮನ ತಂಗಿ, ನಮ್ಮ ಹಿಂದಿನ ಮನೆಯಲ್ಲೇ ಇದ್ದಾರೆ. ಅವರ ನಾಲಿಗೆಗೆ ಮೂಳೆಯಿಲ್ಲ.

“ಮಗಳಿಗೆ ಸಂಬಳ ಬರಲು ಶುರುವಾದದ್ದೇ ಅಕ್ಕನಿಗೆ ಹಗಲೂ ರಾತ್ರಿ ಆಯ್ತು ನೋಡಿ,” ಎಂದು ಒಮ್ಮೆ ನೆಂಟರ ಮುಂದೆ ಹೇಳಿ ನಕ್ಕರು. “ರಾಣಿಯ ಹಾಗೆ ನಿದ್ದೆ!”

ಎಲ್ಲರೂ ನಕ್ಕರು. ಉಮ್ಮನೂ ನಕ್ಕರು. ಆ ಮಾತು ಅವರೊಳಗೆ ಎಷ್ಟು ಆಳಕ್ಕೆ ಇಳಿಯಿತು ಎಂಬುದು ನನಗೆ ಅಂದು ತಿಳಿಯಲಿಲ್ಲ.

ಬಲಗೈ ನಡುಗತೊಡಗಿ, ಹೆಜ್ಜೆ ಚಿಕ್ಕದಾಗಿ, ಲಟ್ಟಿಸಿದ ಪತ್ತಿರ್ ಒಂದು ಬದಿ ದಪ್ಪ ಒಂದು ಬದಿ ತೆಳ್ಳಗಾಗತೊಡಗಿದ ಮೇಲೆ ನಾವು ಮೂಡುಬಿದಿರೆಗೆ ವಾರಕ್ಕೊಮ್ಮೆ ಬರುವ ನರರೋಗ ತಜ್ಞರನ್ನು ಕಂಡೆವು. ಅವರು ಉಮ್ಮನನ್ನು ನಡೆಸಿ, ಬೆರಳುಗಳನ್ನು ತಟ್ಟಿಸಿ ನೋಡಿ, ಕಾಯಿಲೆಯ ಹೆಸರು ಹೇಳಿದರು. ಮಿದುಳಿನ ಒಂದು ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ನಶಿಸುತ್ತಾ ಬರುತ್ತವೆ, ಚಲನೆ ನಿಧಾನವಾಗುವುದು ಅದರಿಂದ ಎಂದರು. ಆ ಕೊರತೆಯನ್ನು ತುಂಬುವ ಮಾತ್ರೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಹೊತ್ತು ತಪ್ಪದೆ, ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೆಂದರು. ಇಷ್ಟನ್ನು ನಾನು ಮನೆಯಲ್ಲಿ ವಿವರಿಸಿದೆ. ನಿದ್ದೆಯ ವಿಷಯವಾಗಲಿ ತೂಕದ ವಿಷಯವಾಗಲಿ ಅಂದು ಮಾತಿಗೇ ಬರಲಿಲ್ಲ.

ಮಾತ್ರೆ ಕೆಲಸ ಮಾಡಿತು. ಕೆಲವು ವಾರಗಳಲ್ಲಿ ಉಮ್ಮ ಲಟ್ಟಣಿಗೆಯನ್ನು ಮತ್ತೆ ಕೈಗೆತ್ತಿಕೊಂಡರು. ತಮ್ಮ ದುಬೈಯಿಂದ ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿ ಕಳುಹಿಸಿದ. ಅದನ್ನು ಹಾಲಿನಲ್ಲಿ ಕದಡಿ ಮಾತ್ರೆಯ ಜೊತೆಗೇ ಕೊಡುವುದು ಉಪ್ಪನ ಪ್ರೀತಿಯ ಕೆಲಸವಾಯಿತು.

ಅಷ್ಟರಲ್ಲಿ ರಂಜಾನ್ ಬಂತು.

“ನೋಂಬು ಬಿಡುವುದಿಲ್ಲ,” ಎಂದರು ಉಮ್ಮ, ಚಂದ್ರ ಕಾಣುವುದಕ್ಕೂ ಮೊದಲೇ. ನಮ್ಮಲ್ಲಿ ರಂಜಾನಿನ ಉಪವಾಸಕ್ಕೆ ನೋಂಬು ಎನ್ನುತ್ತೇವೆ.

“ಮಧ್ಯಾಹ್ನದ ಮಾತ್ರೆ ಉಂಟಲ್ಲ ಉಮ್ಮ.”

“ಮಧ್ಯಾಹ್ನ ಎಲ್ಲರಿಗೂ ಉಂಟು. ಎಲ್ಲರೂ ನೀರು ಕುಡಿಯದೆ ಇರ್ತಾರೆ.”

ಉಪ್ಪ ಮಸೀದಿಯ ಉಸ್ತಾದರನ್ನು ಕೇಳಿ ಬಂದರು. ಇಂಥ ಗುಣವಾಗದ ಕಾಯಿಲೆಯವರಿಗೆ ಉಪವಾಸದ ಕಡ್ಡಾಯವಿಲ್ಲ, ಬಿಟ್ಟ ಪ್ರತಿ ದಿನಕ್ಕೆ ಬಡವರೊಬ್ಬರಿಗೆ ಇಷ್ಟು ಅಕ್ಕಿ ಎಂದು ಅಳೆದು ಕೊಟ್ಟರಾಯಿತು, ಅದಕ್ಕೆ ಫಿದ್‌ಯಾ ಎನ್ನುತ್ತಾರೆ ಎಂದು ಉಸ್ತಾದರು ಹೇಳಿದ್ದರು. ಉಮ್ಮ ಕೇಳಿಸಿಕೊಂಡು “ಆಯ್ತು” ಎಂದರು. ಆ ‘ಆಯ್ತು’ ಒಪ್ಪಿಗೆಯೆಂದು ನಾವು ತಿಳಿದೆವು.

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ಹೇಳಬೇಕು. ರಂಜಾನಿನಲ್ಲಿ ಹೆಂಗಸರನ್ನು ‘ಇವತ್ತು ನೋಂಬು ಉಂಟಾ?’ ಎಂದು ಯಾರೂ ಕೇಳುವುದಿಲ್ಲ. ತಿಂಗಳಿನ ಕೆಲವು ದಿನ ಹೆಂಗಸರಿಗೆ ಉಪವಾಸವಿರುವುದಿಲ್ಲ. ಆ ದಿನಗಳಲ್ಲಿ ಅವರಿಗೆ ಮುಜುಗರವಾಗಬಾರದೆಂದು ಮನೆಯ ಗಂಡಸರು ಹಗಲು ಹೊತ್ತು ಅಡುಗೆಮನೆಯ ಕಡೆಗೆ ಕಣ್ಣೂ ಹಾಯಿಸುವುದಿಲ್ಲ. ಉಮ್ಮನ ಆ ದಿನಗಳು ಮುಗಿದು ಎಷ್ಟೋ ಕಾಲವಾಗಿದ್ದರೂ ಉಪ್ಪ ಆ ಮರ್ಯಾದೆಯನ್ನು ಮೀರಲಿಲ್ಲ. ಹಾಗಾಗಿ ಉಮ್ಮ ಹಗಲಿನಲ್ಲಿ ಮಾತ್ರೆ ನುಂಗುತ್ತಿದ್ದಾರೋ ಇಲ್ಲವೋ ಎಂದು ನಮ್ಮ ಮನೆಯಲ್ಲಿ ನೋಡಿದವರಿಲ್ಲ, ಕೇಳಿದವರೂ ಇಲ್ಲ.

ತಿಂಗಳು ಅರ್ಧಕ್ಕೆ ಬಂದ ಒಂದು ಶನಿವಾರ ನಾನು ಮನೆಗೆ ಬಂದಾಗ ಉಮ್ಮ ಅಡುಗೆಮನೆಯ ಹೊಸ್ತಿಲ ಬಳಿ ನಿಂತಿದ್ದರು. ಕೈಯಲ್ಲಿ ಹಿಟ್ಟಿನ ತಟ್ಟೆ. ನನ್ನನ್ನು ನೋಡಿ ನಗಲು ಯತ್ನಿಸಿದರು. ಮುಖ ಅಲುಗಲಿಲ್ಲ.

“ಬನ್ನಿ, ತಟ್ಟೆ ಕೊಡಿ,” ಎಂದೆ.

“ಕಾಲು ಬರುವುದಿಲ್ಲ.” ಸ್ವರ ನೂಲಿನಷ್ಟು ಸಣ್ಣಗಾಗಿತ್ತು. “ನೆಲ ಹಿಡಿದುಕೊಂಡಿದೆ.”

ನಾನು ತಟ್ಟೆ ತೆಗೆದುಕೊಂಡೆ, ಕೈ ಹಿಡಿದು ಎಳೆದೆ. ಅವರ ಮೈ ಮುಂದಕ್ಕೆ ಬಾಗಿತೇ ಹೊರತು ಪಾದ ಏಳಲಿಲ್ಲ. ಬೀಳುತ್ತಾರೆಂದು ಹೆದರಿ ಉಪ್ಪನನ್ನು ಕೂಗಿದೆ. ಜಗಲಿಯಲ್ಲಿದ್ದ ಉಪ್ಪ ಓಡಿ ಬಂದು ಒಂದು ಕ್ಷಣ ನೋಡಿದರು. ಆಮೇಲೆ, ಏಕೆಂದು ಅವರಿಗೂ ಗೊತ್ತಿಲ್ಲ, ಕಂಡಕ್ಟರ್ ಆಗಿದ್ದ ಕಾಲದ ಸ್ವರದಲ್ಲಿ ಬಾಗಿಲ ಚೌಕಟ್ಟಿಗೆ ಎರಡು ಬಾರಿ ಬಡಿದು “ರೈಟ್, ಪೋಯಿ!”, ಹೋಗೋಣ, ಎಂದು ಕೂಗಿದರು.

ಉಮ್ಮನ ಬಲಗಾಲು ಎದ್ದಿತು. ಹೊಸ್ತಿಲು ದಾಟಿತು. ಎಡಗಾಲೂ ಹಿಂಬಾಲಿಸಿತು.

“ನಾನೇನು ನಿಮ್ಮ ಬಸ್ಸಾ?” ಎಂದರು ಉಮ್ಮ, ಚಾಪೆಯ ಮೇಲೆ ಕುಳಿತ ಮೇಲೆ.

“ಬಸ್ಸು ಇಷ್ಟು ಹಠ ಮಾಡುವುದಿಲ್ಲ ಮಾರಾಯ್ತಿ,” ಎಂದರು ಉಪ್ಪ.

ಕಾಯಿಲೆ ಮುಂದಿನ ಹಂತಕ್ಕೆ ಹೋಯಿತೆಂದು ನಾನು ಭಾವಿಸಿದೆ. ದುಬೈಯಿಂದ ತಮ್ಮ, “ಅಕ್ಕ, ಡೋಸ್ ಜಾಸ್ತಿ ಮಾಡಲು ಹೇಳು, ಇಲ್ಲದಿದ್ದರೆ ಡಾಕ್ಟರನ್ನೇ ಬದಲಿಸುವ,” ಎಂದ. ವೈದ್ಯರು ಬರುವ ದಿನಕ್ಕೆ ನಾನು ಎರಡು ದಿನ ರಜೆ ಹಾಕಿ ಉಮ್ಮನನ್ನು ಸಿದ್ಧಕಟ್ಟೆಯ ದಾರಿಯ ಬಸ್ಸಿನಲ್ಲಿ ಮೂಡುಬಿದಿರೆಗೆ ಕರೆದುಕೊಂಡು ಹೋದೆ. ಡೋಸ್ ಹೆಚ್ಚಿಸಬೇಕೆಂದು ಹೇಗೆ ಸಭ್ಯವಾಗಿ ಕೇಳುವುದು ಎಂದು ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತಿದ್ದೆ.

ನನ್ನ ವಾಕ್ಯವನ್ನು ವೈದ್ಯರು ಕೊನೆಯವರೆಗೂ ಕೇಳಿದರು. ಆಮೇಲೆ ಉಮ್ಮನ ಕಡೆ ತಿರುಗಿದರು.

“ಅಮ್ಮ, ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ತೀರಾ?”

ಉಮ್ಮ ಗೋಡೆಯ ಕ್ಯಾಲೆಂಡರ್ ನೋಡಿದರು.

“ಇವತ್ತು ಎಷ್ಟು ಹೊತ್ತಿಗೆ ತೆಗೆದುಕೊಂಡಿರಿ? ಅದೊಂದು ಹೇಳಿ ಸಾಕು.”

ಆಮೇಲೆ ಉಮ್ಮ ನನಗೆ ಬ್ಯಾರಿಯಲ್ಲಿ ಹೇಳಿದರು: “ನೋಂಬು ಹಿಡಿದ ಬಾಯಲ್ಲಿ ಸುಳ್ಳು ಹೇಳಬಾರದು. ಸತ್ಯ ಹೇಳು ಅವರಿಗೆ. ಬೆಳಗಾಗುವ ಮೊದಲು ಒಂದು. ಉಳಿದದ್ದು ಎರಡೂ ಸಂಜೆ ನೋಂಬು ಬಿಟ್ಟ ಮೇಲೆ.”

ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ವೈದ್ಯರು ಗದರಲಿಲ್ಲ.

“ಹಾಗಾದರೆ ಕಾಯಿಲೆ ಓಡಿ ಮುಂದೆ ಹೋಗಲಿಲ್ಲ ಟೀಚರ್. ಈ ಮಾತ್ರೆಯ ಬಲ ಕೆಲವೇ ಗಂಟೆ. ಹಗಲು ಪೂರ್ತಿ ಇವರು ಮಾತ್ರೆ ಇಲ್ಲದೆ ಇದ್ದಾರೆ, ಸಂಜೆ ಎರಡು ಒಟ್ಟಿಗೆ. ಇದು ಅಪಾಯ. ಬಿದ್ದು ಸೊಂಟ ಮುರಿದರೆ ಮತ್ತೆ ಎದ್ದು ನಡೆಯುವುದು ಕಷ್ಟ.” ಸ್ವಲ್ಪ ತಡೆದು, “ಸಂಜೆ ಮಾತ್ರೆಯ ಜೊತೆ ಏನು ತಿನ್ನುತ್ತಾರೆ?” ಎಂದರು.

ಪ್ರೋಟೀನ್ ಪುಡಿಯ ವಿಷಯ ಹೇಳಿದೆ. ಮಾಂಸದ ಸಾರಿನದ್ದೂ ಹೇಳಿದೆ. ಅವರು ಹಣೆ ಒರೆಸಿಕೊಂಡು ನಕ್ಕರು. ಮಾಂಸ, ಮೊಟ್ಟೆ, ಹಾಲಿನ ಪ್ರೋಟೀನ್ ಒಟ್ಟಿಗೆ ಹೋದರೆ ಮಾತ್ರೆ ರಕ್ತಕ್ಕೂ ಮಿದುಳಿಗೂ ಸೇರುವುದಕ್ಕೆ ಅಡ್ಡಿಯಾಗಬಹುದು, ನಡುವೆ ಅಂತರವಿರಬೇಕು ಎಂದರು.

ಎದ್ದು ಹೊರಡುವ ಮೊದಲು ನಾನು ಕೇಳಬೇಕೆಂದಿದ್ದ ಇನ್ನೊಂದನ್ನು ಕೇಳಿದೆ. ಇವರಿಗೆ ಹಗಲೇ ನಿದ್ದೆ ಬರುತ್ತದೆ, ತಿಂದರೂ ಇಳಿಯುತ್ತಿದ್ದಾರೆ, ಇದು ಏಕೆ? ವೈದ್ಯರು ಮತ್ತೆ ಕುಳಿತುಕೊಳ್ಳಲು ಹೇಳಿದರು. ಅವರು ಹೇಳಿದ್ದನ್ನು ನಾನು ಗ್ರಹಿಸಿದಂತೆ ಬರೆಯುತ್ತೇನೆ. ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಚಿಕ್ಕ ಭಾಗವಿದೆ. ಅಲ್ಲಿರುವ ಕೆಲವು ಕೋಶಗಳು ಒರೆಕ್ಸಿನ್ ಎಂಬುದನ್ನು ಸ್ರವಿಸುತ್ತವೆ. ಎಚ್ಚರವಾಗಿರುವುದು, ಚಟುವಟಿಕೆಯಿಂದಿರುವುದು, ಹಸಿಯುವುದು, ತಿಂದದ್ದನ್ನು ದೇಹ ಹೇಗೆ ಖರ್ಚು ಮಾಡಬೇಕೆಂಬುದು, ಇವೆಲ್ಲವನ್ನೂ ಹೊಂದಿಸುವುದರಲ್ಲಿ ಆ ಕೋಶಗಳ ಪಾತ್ರವಿದೆ. ಪಾರ್ಕಿನ್ಸನ್ ಇರುವವರಲ್ಲಿ ಡೋಪಮಿನ್ ಕೋಶಗಳಂತೆಯೇ ಇವೂ ಕಡಿಮೆಯಾಗಿರುವುದು ಕಂಡುಬಂದಿದೆ. ಉಮ್ಮನ ನಿದ್ದೆಗೂ ತೂಕಕ್ಕೂ ಅದೊಂದೇ ಕಾರಣವೆಂದು ಹೇಳಲಾಗದು. ಮಾತ್ರೆಯಿಂದಲೂ ನಿದ್ದೆ ಬರಬಹುದು, ಬೇರೆ ಕಾರಣಗಳೂ ಇರಬಹುದು, ಇನ್ನೂ ತಿಳಿಯಬೇಕಾದದ್ದು ಬಹಳ ಇದೆ. “ಆದರೆ ಸೋಮಾರಿತನ ಅಲ್ಲ,” ಎಂದರು. “ಅದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ.”

ಹಿಂದಿರುಗುವಾಗ ಬಸ್ಸಿನಲ್ಲಿ ಉಮ್ಮ ಕಿಟಕಿಯ ಕಡೆ ಮುಖ ಮಾಡಿದ್ದರು. ಅಂದು ಸಂಜೆ ಇಫ್ತಾರ್ ಮುಗಿದ ಮೇಲೆ ನಾನು ವೈದ್ಯರ ‘ಸೋಮಾರಿತನ ಅಲ್ಲ’ ಎಂಬ ಮಾತನ್ನು ಮುಟ್ಟಿಸಿ, ತರಗತಿಯಲ್ಲಿ ಹೇಳುವಂತೆ ಹೈಪೊಥಲಾಮಸ್ ಬಗ್ಗೆ ವಿವರಿಸತೊಡಗಿದೆ. ಉಮ್ಮನ ಕಣ್ಣು ನನ್ನ ಮೇಲಿದ್ದರೂ ಮಾತು ಒಳಗೆ ಹೋಗುತ್ತಿಲ್ಲವೆಂದು ತಿಳಿಯುತ್ತಿತ್ತು. ಉಪ್ಪ ಮಧ್ಯೆ ಬಾಯಿ ಹಾಕಿದರು.

“ನಿಲ್ಲು ಮಗಾ. ಸ್ಟ್ಯಾಂಡಿನಲ್ಲಿ ನಾನು ಇಲ್ಲದ ದಿನ ಏನಾಗ್ತದೆ? ಬಸ್ಸು ಉಂಟು, ಡ್ರೈವರ್ ಉಂಟು, ಡೀಸೆಲ್ ಉಂಟು. ವಿಸಿಲ್ ಊದುವವನಿಲ್ಲ. ಎಲ್ಲಾ ಬಸ್ಸು ಇಂಜಿನ್ ಆನ್ ಮಾಡಿ ನಿಂತಲ್ಲೇ ನಿಂತಿರ್ತದೆ. ಮುಂದೆ ಹೋಗುವುದಿಲ್ಲ, ಡೀಸೆಲ್ ಮಾತ್ರ ಖಾಲಿ. ಹಾಗೆಯಾ?”

ಅದು ವಿಜ್ಞಾನದ ದೃಷ್ಟಿಯಿಂದ ಪೂರ್ತಿ ಸರಿಯಲ್ಲ. ನಾನು ತಿದ್ದಲು ಬಾಯಿ ತೆರೆದೆ, ಆದರೆ ಉಮ್ಮ ಕತ್ತು ನೆಟ್ಟಗೆ ಮಾಡಿದ್ದರು.

“ಅಂದರೆ ನನ್ನ ತಲೆಯ ಒಳಗೆ ಟೈಮ್ ಕೀಪರ್ ಸತ್ತಿದ್ದಾನೆ.”

“ಒಬ್ಬನಲ್ಲ ಉಮ್ಮ, ಕೆಲವರು. ಉಳಿದವರು ಇದ್ದಾರೆ.”

“ನೋಂಬು ಹಿಡಿದರೆ ಅವರು ವಾಪಸ್ ಬರ್ತಾರಾ?”

“ಇಲ್ಲ.”

“ಬಿಟ್ಟರೆ?”

“ಆಗಲೂ ಇಲ್ಲ. ಆದರೆ ಮಾತ್ರೆ ಹೊತ್ತಿಗೆ ಹೋದರೆ ಕಾಲು ಬರ್ತದೆ.”

ಉಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ನನ್ನನ್ನಲ್ಲ, ಉಪ್ಪನನ್ನು ನೋಡಿ ಹೇಳಿದರು. “ಕುರ್‌ಆನ್ ಓದುವಾಗ ಪುಟದ ಮೇಲೆಯೇ ತಲೆ ಇಟ್ಟು ನಿದ್ದೆ ಹೋಗಿದ್ದೆ. ಒಂದು ಸಲ ಅಲ್ಲ. ತಂಗಿ ಹೇಳಿದ್ದು ನಿಜ ಎಂದು ಕಂಡಿತು. ನನ್ನ ಈಮಾನೇ, ದೇವರ ಮೇಲಿನ ನಂಬಿಕೆಯೇ, ಕಡಿಮೆಯಾಯ್ತು, ಸುಖಕ್ಕೆ ಬಿದ್ದೆ ಎಂದು. ಓದಲಿಕ್ಕೆ ಆಗದಿದ್ದರೆ ಬೇಡ, ನೋಂಬನ್ನಾದರೂ ಗಟ್ಟಿ ಹಿಡಿಯುವ ಎಂದು ಹಿಡಿದೆ.”

ಉಪ್ಪ ಖರ್ಜೂರದ ತಟ್ಟೆಯನ್ನು ಅವರ ಕಡೆಗೆ ಸರಿಸಿದರು.

“ಸೋಮಾರಿತನ ಅಲ್ಲ ಎಂದು ಆ ಡಾಕ್ಟರ್ ನಿಜವಾಗಿ ಹೇಳಿದರಾ? ಅಥವಾ ನೀನು ಸೇರಿಸಿದ್ದಾ?” ಎಂದರು ಉಮ್ಮ, ನನ್ನ ಕಡೆ ತಿರುಗಿ.

“ಅವರೇ ಹೇಳಿದ್ದು. ನೀವೂ ಅಲ್ಲೇ ಇದ್ದಿರಿ.”

“ನನಗೆ ಅವರ ಕನ್ನಡ ಸ್ಪೀಡ್ ಆಯ್ತು.” ಎರಡು ಕೈಗಳನ್ನೂ ನೆಲಕ್ಕೆ ಊರಿ ಎದ್ದರು. “ಹಾಗಾದರೆ ಯಾರಿಗೆ ತೋರಿಸಲಿಕ್ಕೆ ಹಿಡಿಯುವುದು ಇನ್ನು? ನಾಳೆ ಮಧ್ಯಾಹ್ನ ನೀರು ಕಾಯಿಸಿ ಇಡು. ಅಕ್ಕಿ ಅಳೆಯುವುದು ನಾನೇ. ನೀವು ಯಾರೂ ಮುಟ್ಟಬಾರದು.”

ಮರುದಿನ ಮಧ್ಯಾಹ್ನ ಉಪ್ಪ ಸ್ಟ್ಯಾಂಡಿನಿಂದ ಫೋನ್ ಮಾಡಿ, ಉಮ್ಮನ ಕಿವಿಗೆ ಬೀಳುವಂತೆ ವಿಸಿಲ್ ಊದಿದರು. “ಕಿವಿ ಹರಿಯಿತು,” ಎಂದು ಬೈದು ಉಮ್ಮ ನೀರಿನ ಲೋಟ ಎತ್ತಿಕೊಂಡರು. ರಂಜಾನಿನ ಹಗಲಿನಲ್ಲಿ ಲೋಟ ತುಟಿಗೆ ತಾಗಿದಾಗ ಅವರ ಕಣ್ಣು ತುಂಬಿತು. ಕೈ ನಡುಗಿ ನೀರು ಎದೆಯ ಮೇಲೆ ಚೆಲ್ಲಿತು. ಹಾಗಿದ್ದೂ ಮಾತ್ರೆ ನುಂಗಿದರು.

ಅದೇ ಹೊತ್ತಿಗೆ ಹಿಂಬಾಗಿಲಿನಿಂದ ಚಿಕ್ಕಮ್ಮ ಬಂದರು. ಲೋಟ ನೋಡಿ ಅಲ್ಲೇ ನಿಂತರು. ಬಚ್ಚಿಡಲು ನಾನು ಕೈ ಚಾಚಿದ್ದೆ. ಉಮ್ಮ ನನ್ನ ಕೈ ಸರಿಸಿದರು.

“ಇದು ಮಾತ್ರೆ,” ಎಂದರು ತಂಗಿಗೆ. “ನನ್ನ ನಿದ್ದೆ ರಾಣಿಯ ನಿದ್ದೆ ಅಲ್ಲ, ಕಾಯಿಲೆಯ ನಿದ್ದೆ. ಬೇಕಿದ್ದರೆ ಇವಳನ್ನು ಕೇಳು, ಬಿ.ಎಸ್ಸಿ. ಓದಿದ್ದಾಳೆ.”

ಚಿಕ್ಕಮ್ಮ ನನ್ನನ್ನು ನೋಡಿದರು. ನಾನು ಹೌದೆಂದೆ. ಅವರು ಸೆರಗು ಬಿಗಿದು, “ಹಿಟ್ಟು ಎಲ್ಲಿ? ಇವತ್ತಿನ ಪತ್ತಿರ್ ನಾನು ಲಟ್ಟಿಸ್ತೇನೆ,” ಎಂದರು. ಅವರ ಪತ್ತಿರ್ ಎಂದೂ ವೃತ್ತಾಕಾರಕ್ಕೆ ಬಂದದ್ದಿಲ್ಲ. “ದುಬೈಯ ಭೂಪಟದ ಹಾಗೆ ಉಂಟು,” ಎಂದು ಉಮ್ಮ ಅಂದು ಮೊದಲ ಬಾರಿಗೆ ಅವರನ್ನು ಗೇಲಿ ಮಾಡಿದರು.

ಮಾತ್ರೆ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಕಾದು, ಹೆಜ್ಜೆ ಸಡಿಲವಾದ ಮೇಲೆ ಉಮ್ಮ ಅಕ್ಕಿಯ ಡಬ್ಬಿಯ ಮುಂದೆ ಕುಳಿತರು. ಉಸ್ತಾದರು ಹೇಳಿದ ಅಳತೆಯನ್ನು ತುಂಬಿ, ಮೇಲೆ ಒಂದು ಹಿಡಿ ಹೆಚ್ಚಾಗಿ ಹಾಕಿ, ಚೀಲಕ್ಕೆ ಸುರಿದರು. ಎಲ್ಲಾ ದಿನಗಳ ಅಕ್ಕಿಯನ್ನು ಒಮ್ಮೆಗೇ ರಿಕ್ಷಾದಲ್ಲಿ ಕಳುಹಿಸಬಹುದಿತ್ತು. ಉಪ್ಪ ಅದನ್ನೇ ಹೇಳಿದ್ದರು. ಉಮ್ಮ ಒಪ್ಪಲಿಲ್ಲ. “ನೋಂಬು ದಿನದಿನವೂ ಇರ್ತದೆ. ಇದೂ ದಿನದಿನವೂ ಹೋಗಬೇಕು. ನನ್ನ ಕಾಲಿನಲ್ಲೇ ಹೋಗಬೇಕು.”

ಮಸೀದಿಯ ಆಚೆ, ಓಣಿಯ ಏರಿನ ತುದಿಯಲ್ಲಿ ಬೀಡಿ ಕಟ್ಟಿ ಬದುಕುವ ವಿಧವೆ ಮುದುಕಿಯೊಬ್ಬರಿದ್ದಾರೆ. ಅಲ್ಲಿಯವರೆಗೆ ಉಮ್ಮ ನಡೆದರು. ನಾನು ಪಕ್ಕದಲ್ಲಿದ್ದೆ, ಕೈ ಹಿಡಿಯಲು ಬಿಡಲಿಲ್ಲ. ಮಸೀದಿಯ ಗೇಟಿನ ಬಳಿ ಒಮ್ಮೆ ಪಾದ ಅಂಟಿತು. ಉಮ್ಮ ಕಣ್ಣು ಮುಚ್ಚಿ, ಯಾರಿಗೂ ಕೇಳಿಸದಂತೆ, “ರೈಟ್, ಪೋಯಿ” ಎಂದುಕೊಂಡದ್ದು ನನಗೆ ಕೇಳಿಸಿತು. ಮುದುಕಿ ಚೀಲ ತೆಗೆದುಕೊಂಡು ಉಮ್ಮನ ಬೆವರಿದ ಮುಖ ನೋಡಿದರು.

“ಮಗಳ ಕೈಯಲ್ಲಿ ಕಳಿಸಬಾರದಿತ್ತಾ?”

“ಮಗಳಿಗೆ ಅವಳ ನೋಂಬು ಉಂಟು,” ಎಂದರು ಉಮ್ಮ. “ಇದು ನನ್ನದು.”

ಹಬ್ಬದ ಮುನ್ನಾದಿನದವರೆಗೂ ಅವರು ಆ ಏರನ್ನು ಹತ್ತಿದರು. ಕಾಲು ಏಳದೆ ಮಧ್ಯದಿಂದ ಮರಳಿದ ದಿನಗಳೂ ಇದ್ದವು. ಅಂಥ ದಿನ ಸಂಜೆಯ ಮಾತ್ರೆ ಹಿಡಿದ ಮೇಲೆ ಮತ್ತೆ ಹೊರಡುತ್ತಿದ್ದರು.

ಕಾಯಿಲೆ ಗುಣವಾಗಿಲ್ಲ. ಅದು ಗುಣವಾಗುವ ಕಾಯಿಲೆಯಲ್ಲವೆಂದು ಈಗ ಉಮ್ಮನೂ ಬಲ್ಲರು. ಅವರು ಕಳೆದುಕೊಂಡ ತೂಕ ಪೂರ್ತಿ ಮರಳಿಲ್ಲ, ಆದರೆ ಮತ್ತಷ್ಟು ಇಳಿದಿಲ್ಲ. ಅವರ ಚಹಾಕ್ಕೆ ಸಕ್ಕರೆ ಮತ್ತೆ ಬಂದಿದೆ. ಹಗಲಿನಲ್ಲಿ ನಿದ್ದೆ ಬಂದರೆ ಮಲಗುತ್ತಾರೆ, ಯಾರೂ ಎಬ್ಬಿಸುವುದಿಲ್ಲ. ತಮ್ಮ ಈಗ ಡಬ್ಬಿಗಳನ್ನು ಕಳುಹಿಸುವುದಿಲ್ಲ. ವಾರಕ್ಕೊಮ್ಮೆ ಮಾತ್ರೆಯ ಹೊತ್ತಿಗೇ ಫೋನ್ ಮಾಡುತ್ತಾನೆ. ಪತ್ತಿರ್‌ನ ಕೆಲಸವನ್ನು ಉಮ್ಮ ಮತ್ತು ಚಿಕ್ಕಮ್ಮ ಹಂಚಿಕೊಂಡಿದ್ದಾರೆ: ಚಿಕ್ಕಮ್ಮ ನಾದುತ್ತಾರೆ, ಮಾತ್ರೆ ಹಿಡಿದಿರುವ ಹೊತ್ತಿನಲ್ಲಿ ಉಮ್ಮ ಲಟ್ಟಿಸುತ್ತಾರೆ. ನಾನು ಬೆಳ್ತಂಗಡಿಯ ಕೋಣೆಯನ್ನು ಬಿಟ್ಟು, ದಿನವೂ ಮನೆಯಿಂದಲೇ ಶಾಲೆಗೆ ಹೋಗಿ ಬರುತ್ತೇನೆ. ರಂಜಾನಿನಲ್ಲಿ ಹೆಂಗಸರನ್ನು ಏನೂ ಕೇಳದ ಉಪ್ಪ, ಈಗ ಪ್ರತಿ ಮಧ್ಯಾಹ್ನ ಸ್ಟ್ಯಾಂಡಿನಿಂದ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಾತ್ರೆ ಆಯಿತೇ ಎಂದು ಕೇಳುತ್ತಾರೆ.